ಬಾಡಿಗೆ ಕರಾರಿನ ಟೆಂಪ್ಲೇಟ್: ಯಾವ ಸಾಲಿಗೆ ಬೀಗ, ಯಾವ ಸಾಲು ತೆರೆದಿರಬೇಕು?

ತಾಲ್ಲೂಕು ಕೇಂದ್ರವೊಂದರ ಪತ್ರ ಬರಹಗಾರರ ಕಚೇರಿಯಲ್ಲಿ ನಡೆದ ಕೆಲಸ ಇದು. ಊರು, ಹೆಸರು ಎರಡನ್ನೂ ಬಿಟ್ಟಿದ್ದೇನೆ. ಪಾರ್ಟಿಗಳ ವಿವರ ಬದಲಿಸಿದ್ದೇನೆ. ವರ್ಡ್‌ನಲ್ಲಿ ಒಂದಷ್ಟು ಭಾಗಕ್ಕೆ ಬೀಗ ಹಾಕಿ, ಒಂದಷ್ಟು ಭಾಗವನ್ನು ಮಾತ್ರ ತುಂಬಲು ಬಿಡುವ ಟೆಂಪ್ಲೇಟ್ ಮಾಡೋದು ಹೇಗೆ ಅಂತ ಕೇಳುವವರು ಜಾಸ್ತಿ. ಬಟನ್ ಎಲ್ಲಿದೆ ಅನ್ನೋದು ಬೇಗ ಗೊತ್ತಾಗುತ್ತದೆ. ಯಾವ ಸಾಲಿಗೆ ಬೀಗ ಹಾಕಬೇಕು ಅನ್ನೋದೇ ಕಷ್ಟದ ಪ್ರಶ್ನೆ. ಈ ಕಚೇರಿಯಲ್ಲಿ ಅದು ಹೇಗೆ ತೀರ್ಮಾನವಾಯಿತು ಅನ್ನೋದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಿನ್ನೆಲೆ

ಕಚೇರಿಯ ಯಜಮಾನರು ಟೈಪ್‌ರೈಟರ್ ಕಾಲದಿಂದ ಪತ್ರ ಬರೆಯುತ್ತಿರುವವರು. ಟೈಪಿಸ್ಟ್‌ಗಳು ಇಬ್ಬರು. ಹಿರಿಯರನ್ನು ಎಲ್ಲರೂ ‘ಅಕ್ಕ’ ಅಂತಲೇ ಕರೆಯುತ್ತಾರೆ. ಇನ್ನೊಬ್ಬ ಹೊಸದಾಗಿ ಸೇರಿದ ಹುಡುಗ. ಮೂರು ಕಂಪ್ಯೂಟರ್‌ಗಳಿವೆ. ಎರಡರಲ್ಲಿ ಮೈಕ್ರೋಸಾಫ್ಟ್ ವರ್ಡ್, ಮೂರನೆಯದರಲ್ಲಿ ಲಿಬ್ರೆಆಫೀಸ್. ಬಾಡಿಗೆ ಕರಾರು, ಅಫಿಡವಿಟ್, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ), ವಿಭಾಗ ಪತ್ರ, ಕ್ರಯಪತ್ರ ಎಲ್ಲವೂ ಇಲ್ಲಿ ತಯಾರಾಗುತ್ತವೆ. ದಿನವೂ ಬರುವ ಕೆಲಸ ಅಂದರೆ ಬಾಡಿಗೆ ಕರಾರು.

ಅದನ್ನು ಮಾಡುತ್ತಿದ್ದ ರೀತಿ ನಿಮಗೂ ಗೊತ್ತಿರುವುದೇ. ‘ಬಾಡಿಗೆ’ ಅನ್ನೋ ಫೋಲ್ಡರ್‌ನಲ್ಲಿ ಹಳೇ ಫೈಲುಗಳ ರಾಶಿ. ಹೊಸ ಪಾರ್ಟಿ ಬಂದರೆ, ಅವರದ್ದಕ್ಕೆ ಹತ್ತಿರವಾದ ಒಂದು ಹಳೇ ಫೈಲ್ ತೆರೆಯುವುದು, ಬೇರೆ ಹೆಸರಲ್ಲಿ ಸೇವ್ ಮಾಡುವುದು, ಹೆಸರು, ವಿಳಾಸ, ಮೊತ್ತ ತಿದ್ದಿ ಪ್ರಿಂಟ್ ಕೊಡುವುದು. ಅಕ್ಕ ಇದನ್ನು ಬಹಳ ವೇಗವಾಗಿ ಮಾಡುತ್ತಿದ್ದರು.

ಸಮಸ್ಯೆ

ಒಂದು ಕರಾರಿಗೆ ಇ-ಸ್ಟ್ಯಾಂಪ್ ಮೇಲೆ ಪ್ರಿಂಟ್ ಆಗಿ, ಎರಡೂ ಕಡೆಯವರ ಸಹಿಯೂ ಆಯಿತು. ಮನೆಗೆ ಹೋಗಿ ಓದಿದ ಬಾಡಿಗೆದಾರರು ವಾಪಸ್ ಬಂದರು. ಎರಡನೇ ಪುಟದ ಒಂದು ಕಲಮಿನಲ್ಲಿ ಬೇರೆ ಯಾರದ್ದೋ ಹೆಸರಿತ್ತು. ಅದೇ ಕರಾರಿನಲ್ಲಿ ಅಡ್ವಾನ್ಸ್ ಅಂಕಿಯಲ್ಲಿ 50,000 ಇದ್ದರೆ, ಅಕ್ಷರದಲ್ಲಿ ‘ಎಪ್ಪತ್ತೈದು ಸಾವಿರ ರೂಪಾಯಿಗಳು ಮಾತ್ರ’ ಅಂತ ಉಳಿದಿತ್ತು. ಚೆಕ್ಕು, ಪ್ರಾಮಿಸರಿ ನೋಟುಗಳಲ್ಲಾದರೆ ಅಕ್ಷರದಲ್ಲಿರುವ ಮೊತ್ತವೇ ಲೆಕ್ಕಕ್ಕೆ ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಕರಾರಿನಲ್ಲಿ ಹೀಗಾದರೆ ನಾಳೆ ಮನೆ ಖಾಲಿ ಮಾಡುವ ದಿನ ಜಗಳಕ್ಕೆ ಅದೇ ಸಾಕು. ಕಚೇರಿಯವರೇ ಹೊಸ ಇ-ಸ್ಟ್ಯಾಂಪ್ ತೆಗೆಸಿ ಮತ್ತೆ ಬರೆದುಕೊಟ್ಟರು.

ಹೆಸರು ಉಳಿದದ್ದು ಹೇಗೆ ಅಂತ ಫೈಲ್ ತೆರೆದು ನೋಡಿದೆವು. ಹಳೇ ಬಾಡಿಗೆದಾರರ ಹೆಸರು ಮೊದಲ ಪುಟದಲ್ಲಿ ‘ಮಂಜುನಾಥ್’ ಅಂತಿತ್ತು. ಅದನ್ನೇ ಹುಡುಕಿ ಬದಲಿಸುವ ಆಜ್ಞೆ ಕೊಟ್ಟಿದ್ದರು. ಎರಡನೇ ಪುಟದಲ್ಲಿ ಇದ್ದದ್ದು ‘ಮಂಜುನಾಥರವರು’. ಅಲ್ಲಿ ‘ಥ್’ ಇಲ್ಲ, ‘ಥ’ ಇದೆ. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ ಬೇರೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಂಡೇ ಬರುತ್ತದೆ, ಅಲ್ವಾ? ಹುಡುಕಿ ಬದಲಿಸುವುದನ್ನು ನಂಬಿಕೊಂಡ ಕಚೇರಿಯಲ್ಲಿ ಇಂಥ ತಪ್ಪು ಇವತ್ತಲ್ಲ ನಾಳೆ ಆಗಿಯೇ ತೀರುತ್ತದೆ. ಟೈಪಿಸ್ಟ್ ಎಷ್ಟೇ ಜಾಗ್ರತೆಯಾಗಿದ್ದರೂ ಅಷ್ಟೇ.

ಮೊದಲ ಪ್ರಯತ್ನ

ನಾನು ಅಲ್ಲಿಗೆ ಹೋಗುವ ಮೊದಲೇ, ಯಜಮಾನರ ಪರಿಚಯದ ಕಾಲೇಜು ಹುಡುಗನೊಬ್ಬ ಒಂದು ಫಾರ್ಮ್ ಮಾಡಿಕೊಟ್ಟಿದ್ದ. ಕೆಲಸ ಚೆನ್ನಾಗಿಯೇ ಮಾಡಿದ್ದ. ರಿವ್ಯೂ ಟ್ಯಾಬ್‌ನ ರಿಸ್ಟ್ರಿಕ್ಟ್ ಎಡಿಟಿಂಗ್‌ಗೆ ಹೋಗಿ ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ಆರಿಸಿ ಪಾಸ್‌ವರ್ಡ್ ಕೊಟ್ಟಿದ್ದ. ಹೆಸರು, ವಿಳಾಸ, ಮೊತ್ತ, ದಿನಾಂಕದ ಜಾಗ ಬಿಟ್ಟರೆ ಬೇರೆಲ್ಲೂ ಕರ್ಸರ್ ನಿಲ್ಲುತ್ತಿರಲಿಲ್ಲ. ಯಜಮಾನರಿಗೆ ತುಂಬಾ ಹಿಡಿಸಿತು. ಅವರು ಬಯಸಿದ್ದೂ ಅದನ್ನೇ. ತಾವು ಅಳೆದು ತೂಗಿ ಬರೆದ ಕಲಂಗಳನ್ನು ಯಾರೂ ಮುಟ್ಟಬಾರದು.

ಕೆಲವೇ ವಾರಗಳಲ್ಲಿ ಅದು ಮೂಲೆಗೆ ಬಿತ್ತು. ಅಣ್ಣತಮ್ಮ ಇಬ್ಬರೂ ಮನೆ ಮಾಲೀಕರು ಅಂದರೆ ಎರಡನೆಯವರ ಹೆಸರಿಗೆ ಜಾಗವಿಲ್ಲ. ಫ್ಯಾನ್, ಗೀಸರ್, ಟ್ಯೂಬ್‌ಲೈಟ್ ಪಟ್ಟಿಗೆ ಇನ್ನೊಂದು ಸಾಲು ಸೇರಿಸಲು ಬರುವುದಿಲ್ಲ. ಪ್ರತಿ ಸಲ ಅಕ್ಕ ಯಜಮಾನರ ಹತ್ತಿರ ಪಾಸ್‌ವರ್ಡ್ ಕೇಳಬೇಕು. ಅವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದರೆ ಪಾರ್ಟಿ ಕಾಯುತ್ತಾ ಕೂರಬೇಕು. ಕೊನೆಗೆ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಪಕ್ಕ ಅಂಟಿಸಿಯಾಯಿತು. ಕಚೇರಿಯ ಹೊಸ ಹುಡುಗ ಇನ್ನೂ ಸುಲಭದ ದಾರಿ ಕಂಡುಕೊಂಡ. ಖಾಲಿ ಡಾಕ್ಯುಮೆಂಟ್ ತೆರೆದು, ಇನ್ಸರ್ಟ್‌ನಲ್ಲಿ ‘ಟೆಕ್ಸ್ಟ್ ಫ್ರಮ್ ಫೈಲ್’ ಕೊಟ್ಟರೆ ಇಡೀ ಕರಾರು ಬೀಗವಿಲ್ಲದೆ ಬಂದು ಕೂರುತ್ತದೆ.

ಇನ್ನೊಂದು ತೊಂದರೆ ಸದ್ದಿಲ್ಲದೆ ನಡೆದಿತ್ತು. ಫಾರ್ಮನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿರಲಿಲ್ಲ, ಮಾಮೂಲಿ ಡಾಕ್ಯುಮೆಂಟ್ ಆಗಿಯೇ ಇಟ್ಟಿದ್ದರು. ಯಾರೋ ಒಬ್ಬರು ತುಂಬಿ, ಕಂಟ್ರೋಲ್-ಎಸ್ ಒತ್ತಿಬಿಟ್ಟರು. ಅಲ್ಲಿಗೆ ಖಾಲಿ ಫಾರ್ಮಿನಲ್ಲೇ ಒಬ್ಬ ಪಾರ್ಟಿಯ ವಿವರ ಸೇರಿಕೊಂಡಿತು. ಹಳೇ ಹೆಸರು ಉಳಿಯಬಾರದು ಅಂತ ಮಾಡಿದ ಫೈಲೇ ಹಳೇ ಹೆಸರನ್ನು ಹೊತ್ತು ಕೂತಿತ್ತು.

ಕಾಗದದ ಮೇಲೆ ಮೂರು ಬಣ್ಣ

ನಾನು ಕೇಳಿದ ಮೊದಲ ವಿಷಯ, ಕಂಪ್ಯೂಟರ್ ಆಫ್ ಮಾಡಿ ಹಳೇ ಕರಾರುಗಳ ಪ್ರಿಂಟ್ ಕೊಡಿ ಅಂತ. ಯಜಮಾನರು ಮತ್ತು ಅಕ್ಕ ಇಬ್ಬರೂ ಜೊತೆಗೆ ಕೂತು ಮೂರು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿದರು. ಯಾವತ್ತೂ ಬದಲಾಗದ್ದಕ್ಕೆ ಕೆಂಪು. ಪ್ರತಿ ಸಲ ಬದಲಾಗುವುದಕ್ಕೆ ಹಸಿರು. ಒಮ್ಮೊಮ್ಮೆ ಬದಲಾಗುವುದಕ್ಕೆ ನೀಲಿ.

ಹಸಿರು ಐದೇ ನಿಮಿಷದ ಕೆಲಸ. ಕೆಂಪಿನಲ್ಲೇ ಜಗಳ ಶುರುವಾಯಿತು. ಯಜಮಾನರು ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ಕಲಮಿಗೆ ಕೆಂಪು ಗೆರೆ ಎಳೆದರು.

‘ಸಾರ್, ಅದು ಪ್ರತಿ ಪಾರ್ಟಿಗೂ ಬೇರೆ ಇರುತ್ತೆ. ಅರ್ಧ ತಿಂಗಳು ಅಂತಾರೆ, ಖರ್ಚಾದಷ್ಟು ಅಂತಾರೆ. ನಾನು ದಿನಾ ತಿದ್ತೀನಿ,’ ಅಂದರು ಅಕ್ಕ.

‘ದಿನಾ ತಿದ್ತೀಯಾ? ನನಗೆ ಯಾಕಮ್ಮ ಹೇಳಿಲ್ಲ?’

‘ಪಾರ್ಟಿ ಒಪ್ಪಿದ್ದು ಹಾಗೆ ಅಲ್ವಾ ಸಾರ್.’

ಈ ಕೆಲಸದ ನಿಜವಾದ ತಿರುವು ಇದೇ ಅಂತ ನನ್ನ ಅಭಿಪ್ರಾಯ. ಯಜಮಾನರ ತಲೆಯಲ್ಲಿದ್ದ ಕರಾರು ಬೇರೆ, ಕಚೇರಿಯಿಂದ ದಿನವೂ ಹೊರಗೆ ಹೋಗುತ್ತಿದ್ದ ಕರಾರು ಬೇರೆ. ಮೊದಲ ಫಾರ್ಮ್ ಯಜಮಾನರ ಮಾತು ಮಾತ್ರ ಕೇಳಿ ಮಾಡಿದ್ದು. ಬೀಗಗಳೆಲ್ಲ ದಿನವೂ ತೆರೆಯಲೇಬೇಕಾದ ಜಾಗದಲ್ಲಿ ಕೂತಿದ್ದವು. ಟೈಪ್ ಮಾಡುವವರನ್ನು ಕೂರಿಸಿಕೊಳ್ಳದೆ ಯಾರೂ ಟೆಂಪ್ಲೇಟ್ ಮಾಡಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸಾಯಂಕಾಲದ ಹೊತ್ತಿಗೆ ನೀಲಿ ಗುರುತುಗಳು ಜಾಸ್ತಿಯಾಗಿದ್ದವು. ನೀರಿನ ಬಿಲ್ಲು, ಬಾಡಿಗೆ ಏರಿಕೆ, ಪೇಂಟಿಂಗ್, ನೋಟಿಸ್ ಅವಧಿ. ‘11 ತಿಂಗಳು’ ಅನ್ನುವುದನ್ನು ಮಾತ್ರ ಯಜಮಾನರು ಬಿಟ್ಟುಕೊಡಲಿಲ್ಲ. ಅದು ಕೆಂಪಾಗಿಯೇ ಉಳಿಯಿತು.

ಬೀಗಕ್ಕಿಂತ ಮುಂಚೆ ಮಾಡಿದ ಎರಡು ಕೆಲಸ

ಮೊದಲು ಕರಾರಿನ ಭಾಷೆಯನ್ನೇ ಸ್ವಲ್ಪ ತಿದ್ದಿದೆವು. ಹೆಸರುಗಳು ಮೊದಲ ಪುಟದಲ್ಲಿ ಒಮ್ಮೆ, ಸಹಿಯ ಜಾಗದಲ್ಲಿ ಒಮ್ಮೆ. ನಡುವೆ ಎಲ್ಲ ಕಡೆ ‘ಮಾಲೀಕರು’, ‘ಬಾಡಿಗೆದಾರರು’. ಯಾವ ವಿಭಕ್ತಿ ಬಂದರೂ ಹೆಸರಿಗೆ ಅಂಟುವುದಿಲ್ಲ. ಅಡ್ವಾನ್ಸ್ ಮೊತ್ತವೂ ಅಂಕಿಯಲ್ಲಿ, ಅಕ್ಷರದಲ್ಲಿ ಅಕ್ಕಪಕ್ಕ ಒಂದೇ ಕಡೆ. ಆಮೇಲೆ ‘ಮೇಲ್ಕಂಡ ಮುಂಗಡ ಹಣ’ ಅಂದರೆ ಸಾಕು. ವರ್ಡ್‌ನಲ್ಲಿ ಅಂಕಿಯನ್ನು ಅಕ್ಷರ ಮಾಡುವ ಫೀಲ್ಡ್ ಇದೆ, ಆದರೆ ಅದು ಕನ್ನಡದಲ್ಲಿ ಬರೆಯುವುದಿಲ್ಲ. ಕೈಯಲ್ಲೇ ಟೈಪ್ ಮಾಡಬೇಕು. ಎರಡೂ ಒಂದೇ ಸಾಲಿನಲ್ಲಿದ್ದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಇಷ್ಟಕ್ಕೇ ಅರ್ಧ ಸಮಸ್ಯೆ ಹೋಯಿತು. ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಎರಡನೆಯದು ಫಾಂಟ್. ಕಚೇರಿಯ ಕನ್ನಡವೆಲ್ಲ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿತ್ತು. ಅದರಲ್ಲಿ ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಮಾತ್ರ ಅದನ್ನು ಕನ್ನಡದಂತೆ ತೋರಿಸುತ್ತದೆ. ಟೆಂಪ್ಲೇಟಿಗೆ ಇದು ಒಗ್ಗುವುದಿಲ್ಲ. ‘ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ), ಮಗಳು’ ಅಂತ ಆರಿಸಲು ಒಂದು ಡ್ರಾಪ್‌ಡೌನ್ ಮಾಡಿದರೆ, ಆ ಪಟ್ಟಿ ತೆರೆದಾಗ ಕಾಣುವುದು ವಿಂಡೋಸ್‌ನ ಫಾಂಟ್‌ನಲ್ಲಿ. ಆಸ್ಕಿಯಲ್ಲಿ ಬರೆದ ‘ಬಿನ್’ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಹಾಗಾಗಿ ಮೂಲ ಕರಾರನ್ನು ಪರಿವರ್ತಕದಲ್ಲಿ, ಕಡತದ ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡಿಗೆ ತಂದು, ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ಓದಿ ಸರಿಮಾಡಿದೆವು. ಕೀಬೋರ್ಡ್ ವಿನ್ಯಾಸ ಮೊದಲಿನದೇ ಇದ್ದದ್ದರಿಂದ ಅಕ್ಕನ ಬೆರಳಿಗೆ ಹೊಸದೇನೂ ಕಲಿಯಬೇಕಾಗಲಿಲ್ಲ.

ಯೂನಿಕೋಡಿಗೆ ಬಂದ ಮೇಲೂ ಒಂದು ಕಾಟ ಇತ್ತು. ಸುತ್ತಲ ಅಕ್ಷರ 14ರ ಗಾತ್ರದಲ್ಲಿದ್ದರೆ, ತುಂಬುವ ಜಾಗದಲ್ಲಿ ಟೈಪ್ ಮಾಡಿದ ಕನ್ನಡ ಮಾತ್ರ 11ರಲ್ಲಿ, ಬೇರೆ ಫಾಂಟ್‌ನಲ್ಲಿ ಬರುತ್ತಿತ್ತು. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿಗೆ ಸೇರಿಸುತ್ತದೆ. ಅದಕ್ಕೆ ಫಾಂಟೂ ಗಾತ್ರವೂ ಇಂಗ್ಲಿಷಿನದ್ದಕ್ಕಿಂತ ಬೇರೆಯಾಗಿ ಉಳಿಯುತ್ತವೆ. ಒಂದು ಸ್ಟೈಲ್ ಮಾಡಿ, ಅದರ ಫಾಂಟ್ ಪೆಟ್ಟಿಗೆಯಲ್ಲಿ ಎರಡೂ ಕಡೆ ಒಂದೇ ಗಾತ್ರ ಕೊಟ್ಟು, ಪ್ರತಿ ತುಂಬುವ ಜಾಗದ ಪ್ರಾಪರ್ಟೀಸ್‌ನಲ್ಲಿ ಆ ಸ್ಟೈಲನ್ನೇ ಆರಿಸಿದೆವು. ಕನ್ನಡದ ಟೆಂಪ್ಲೇಟ್ ಮಾಡುವವರು ಇದನ್ನು ಮೊದಲೇ ಮಾಡಿಕೊಂಡರೆ ಆಮೇಲಿನ ತಲೆನೋವು ತಪ್ಪುತ್ತದೆ.

ಬೀಗ ಹಾಕಿದ ರೀತಿ

ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಡೆವಲಪರ್ ಟ್ಯಾಬ್ ಕಾಣುವಂತೆ ಮಾಡಿಕೊಂಡೆವು. ಹಸಿರು ಗುರುತಿದ್ದ ಕಡೆಯೆಲ್ಲ ಕಂಟೆಂಟ್ ಕಂಟ್ರೋಲ್, ಅಂದರೆ ತುಂಬುವ ಪೆಟ್ಟಿಗೆ. ಹೆಸರು, ವಿಳಾಸಕ್ಕೆ ಪ್ಲೇನ್ ಟೆಕ್ಸ್ಟ್, ದಿನಾಂಕಕ್ಕೆ ಡೇಟ್ ಪಿಕರ್, ಬಿನ್/ಕೋಂಗೆ ಡ್ರಾಪ್‌ಡೌನ್. ಪ್ರತಿಯೊಂದಕ್ಕೂ ‘ಕಂಟ್ರೋಲ್ ಅಳಿಸಲಾಗದು’ ಅನ್ನುವ ಆಯ್ಕೆಗೆ ಟಿಕ್. ಇಲ್ಲದಿದ್ದರೆ ಬ್ಯಾಕ್‌ಸ್ಪೇಸ್ ಒತ್ತಿದವರ ಕೈಯಲ್ಲಿ ಜಾಗವೇ ಮಾಯವಾಗುತ್ತದೆ.

ಮೊದಲ ಪುಟದ ಹೆಸರೇ ಸಹಿಯ ಜಾಗದಲ್ಲೂ ಬರಬೇಕು. ಇದಕ್ಕೆ ಇನ್ಸರ್ಟ್‌ನ ಕ್ವಿಕ್ ಪಾರ್ಟ್ಸ್‌ನಲ್ಲಿ ‘ಡಾಕ್ಯುಮೆಂಟ್ ಪ್ರಾಪರ್ಟಿ’ ಅಂತ ಸಿಗುವ ಕಂಟ್ರೋಲ್‌ಗಳನ್ನು ಬಳಸಿದೆವು. ‘ಮ್ಯಾನೇಜರ್’ ಅನ್ನುವುದರ ಶೀರ್ಷಿಕೆಯನ್ನು ‘ಮಾಲೀಕರ ಹೆಸರು’ ಅಂತ, ‘ಸಬ್ಜೆಕ್ಟ್’ ಅನ್ನುವುದನ್ನು ‘ಬಾಡಿಗೆದಾರರ ಹೆಸರು’ ಅಂತ ಬದಲಿಸಿದೆವು. ಒಂದು ಕಡೆ ತುಂಬಿದರೆ ಅದರ ಪ್ರತಿ ಇರುವ ಕಡೆಯೆಲ್ಲ ತಾನಾಗಿ ತುಂಬಿಕೊಳ್ಳುತ್ತದೆ. ‘ಆಥರ್’, ‘ಕಂಪನಿ’ ಎರಡನ್ನು ಮಾತ್ರ ಮುಟ್ಟಲಿಲ್ಲ, ಅಲ್ಲಿ ವರ್ಡ್ ತಾನೇ ಹೆಸರು ತುಂಬಿಬಿಡಬಹುದು. ಜಾಗಗಳನ್ನು ನಾವೇ ಒಂದಕ್ಕೊಂದು ಜೋಡಿಸುವ ಎಕ್ಸ್‌ಎಮ್‌ಎಲ್ ಮ್ಯಾಪಿಂಗ್ ಇನ್ನೂ ಅಚ್ಚುಕಟ್ಟು, ಗೊತ್ತು. ಆದರೆ ನಾನಿಲ್ಲದ ದಿನ ಅಕ್ಕನೇ ರಿಪೇರಿ ಮಾಡುವಂತಿರಬೇಕು. ಆ ಕಾರಣಕ್ಕೆ ಸುಲಭದ ದಾರಿ ಹಿಡಿದೆವು.

ಕೆಂಪು ಭಾಗಕ್ಕೆ ಪಾಸ್‌ವರ್ಡ್ ಬೇಡ ಅಂತ ತೀರ್ಮಾನಿಸಿದೆವು. ಇಡೀ ಕರಾರನ್ನು ಆಯ್ಕೆ ಮಾಡಿ ಡೆವಲಪರ್ ಟ್ಯಾಬ್‌ನ ‘ಗ್ರೂಪ್’ ಕೊಟ್ಟರೆ, ಕಂಟ್ರೋಲ್‌ಗಳ ಒಳಗೆ ಮಾತ್ರ ಟೈಪ್ ಮಾಡಬಹುದು, ಹೊರಗಿನ ಸಾಲುಗಳಿಗೆ ಕೈ ಹಾಕಲು ಆಗುವುದಿಲ್ಲ. ಬಿಚ್ಚಬೇಕಾದರೆ ‘ಅನ್‌ಗ್ರೂಪ್’. ಆಮೇಲೆ ಡೆವಲಪರ್ ಟ್ಯಾಬನ್ನು ಮತ್ತೆ ಮರೆಮಾಡಿದೆವು. ‘ಪಾಸ್‌ವರ್ಡ್ ಇಲ್ಲದ ಬೀಗ ಬೀಗವೇನ್ರೀ?’ ಅಂತ ಯಜಮಾನರು ಕೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಸಾಫ್ಟ್ ಕಾಪಿ ತೆಗೆದುಕೊಂಡು ಹೋಗುವ ಪಾರ್ಟಿ. ಅವರಿಗೆ ನಿಜ ಹೇಳಬೇಕಿತ್ತು. ರಿಸ್ಟ್ರಿಕ್ಟ್ ಎಡಿಟಿಂಗ್‌ನ ಪಾಸ್‌ವರ್ಡೂ ಕಡತವನ್ನು ಗೂಢಲಿಪಿ ಮಾಡುವುದಿಲ್ಲ. ಈಗಿನ ವರ್ಡ್ ಫೈಲ್ ಅಂದರೆ ಒಂದು ಜಿಪ್ ಕಟ್ಟು, ಅದರೊಳಗಿನ ಸೆಟ್ಟಿಂಗ್ಸ್ ಕಡತದ ಒಂದು ಸಾಲು ತೆಗೆದರೆ ಆ ರಕ್ಷಣೆ ಹೋಯಿತು. ಬೇಕೆಂದೇ ತಿದ್ದುವವರನ್ನು ಇದು ತಡೆಯುವುದಿಲ್ಲ. ಕೈತಪ್ಪನ್ನು ತಡೆಯುತ್ತದೆ, ಅಷ್ಟೇ. ಈ ಕಚೇರಿಯ ಕಾಯಿಲೆ ಕೈತಪ್ಪು. ಪಾರ್ಟಿಗೆ ಪಿಡಿಎಫ್ ಕೊಡಿ, ಸಹಿಯಾದ ಕಾಗದದ ಪ್ರತಿ ಇಟ್ಟುಕೊಳ್ಳಿ ಅಂದೆ. ಅವರು ಒಪ್ಪಿದರು.

ನೀಲಿ ಗುರುತುಗಳಿಗೆ ಕೊನೆಯಲ್ಲಿ ‘ವಿಶೇಷ ಷರತ್ತುಗಳು’ ಅಂತ ಒಂದು ದೊಡ್ಡ ರಿಚ್ ಟೆಕ್ಸ್ಟ್ ಕಂಟ್ರೋಲ್. ಅದರೊಳಗೆ ಎಷ್ಟು ಸಾಲು ಬೇಕಾದರೂ ಬರೆಯಬಹುದು. ಫ್ಯಾನು, ಗೀಸರುಗಳ ಪಟ್ಟಿಗೂ ಅಂಥದ್ದೇ ಇನ್ನೊಂದು. ಮಾಲೀಕರ ವಿವರಕ್ಕೆ ಎರಡನೆಯವರ ಹೆಸರಿಗೂ ಜಾಗ.

ಸ್ಟ್ಯಾಂಪ್ ಪೇಪರಿನ ಮೇಲ್ಭಾಗದಲ್ಲಿ ಮುದ್ರಿತ ಭಾಗ ಇರುತ್ತದೆ, ಕರಾರು ಅದರ ಕೆಳಗೆ ಶುರುವಾಗಬೇಕು. ಮೊದಲು ಎಂಟರ್ ಒತ್ತಿ ಒತ್ತಿ ಕೆಳಗೆ ಬರುತ್ತಿದ್ದರು. ಈಗ ಮೊದಲ ಪುಟಕ್ಕೆ ಮಾತ್ರ ಬೇರೆ ಹೆಡರ್ ಇದೆ. ಅಳತೆಪಟ್ಟಿ ಇಟ್ಟು ಆ ಮುದ್ರಿತ ಭಾಗವನ್ನು ಅಳೆದು, ಅಷ್ಟೇ ಎತ್ತರದ ಖಾಲಿ ಸಾಲನ್ನು ಹೆಡರ್‌ನಲ್ಲಿ ಇಟ್ಟೆವು. ಬರಹ ತಾನೇ ಕೆಳಗೆ ಸರಿಯುತ್ತದೆ, ಎರಡನೇ ಪುಟ ಮಾಮೂಲಿ.

ಕೊನೆಗೆ ‘ವರ್ಡ್ ಟೆಂಪ್ಲೇಟ್’ ಅಂತ ಸೇವ್ ಮಾಡಿದೆವು. ಇದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ, ಹೆಸರಿಲ್ಲದ ಡಾಕ್ಯುಮೆಂಟ್ ತೆರೆಯುತ್ತದೆ, ಮೂಲ ಹಾಗೇ ಇರುತ್ತದೆ. ರೈಟ್ ಕ್ಲಿಕ್ ಮಾಡಿ ಓಪನ್ ಕೊಟ್ಟರೆ ಮಾತ್ರ ಮೂಲವೇ ತೆರೆಯುವುದು. ಅದಕ್ಕೇ ಫೋಲ್ಡರನ್ನು ಹುಡುಗನ ಕಂಪ್ಯೂಟರಿಗೆ ಓದಲು ಮಾತ್ರ ಬಿಟ್ಟೆವು. ಲಿಬ್ರೆಆಫೀಸ್‌ನಲ್ಲಿ ಬೀಗದ ದಾರಿ ಬೇರೆ, ಅಲ್ಲಿ ಸೆಕ್ಷನ್ ಸೇರಿಸಿ ಅದಕ್ಕೆ ರಕ್ಷಣೆ ಕೊಡಬೇಕು. ಒಂದೇ ಕರಾರಿಗೆ ಎರಡು ಟೆಂಪ್ಲೇಟ್ ಇದ್ದರೆ ತಿದ್ದುವಾಗ ಒಂದು ಹಿಂದೆ ಉಳಿಯುತ್ತದೆ. ಹಾಗಾಗಿ ಬಾಡಿಗೆ ಕರಾರನ್ನು ಆ ಮೂರನೇ ಕಂಪ್ಯೂಟರಿನಲ್ಲಿ ಮಾಡುವುದೇ ಬೇಡ ಅಂತಾಯಿತು.

ಏನಾಯಿತು

ಹಳೇ ಹೆಸರು ಉಳಿಯುವುದು ನಿಂತಿತು. ಬದಲಿಗೆ ಇನ್ನೊಂದು ಬಂತು. ಒಂದು ಕರಾರಿನ ಸಾಕ್ಷಿಗಳ ಜಾಗದಲ್ಲಿ ‘ಇಲ್ಲಿ ವಿಳಾಸ ಬರೆಯಿರಿ’ ಅಂತಲೇ ಪ್ರಿಂಟ್ ಆಯಿತು. ತುಂಬದೆ ಬಿಟ್ಟ ಕಂಟ್ರೋಲ್‌ನ ಸೂಚನೆಯನ್ನು ವರ್ಡ್ ಹಾಗೇ ಮುದ್ರಿಸುತ್ತದೆ. ಪುಣ್ಯಕ್ಕೆ ಅದು ಬಿಳಿ ಹಾಳೆಯ ಕರಡು. ಸೂಚನೆಗಳನ್ನೆಲ್ಲ ದಪ್ಪ ಕೆಂಪು ಅಕ್ಷರಕ್ಕೆ ಬದಲಿಸಿದೆವು. ಬಿಳಿ ಹಾಳೆಯಲ್ಲಿ ಕರಡು ತೆಗೆದು, ಪಾರ್ಟಿಗೇ ಓದಲು ಕೊಟ್ಟು, ಆಮೇಲಷ್ಟೇ ಇ-ಸ್ಟ್ಯಾಂಪ್ ಮೇಲೆ ಪ್ರಿಂಟ್ ಅನ್ನುವುದು ಕಚೇರಿಯ ನಿಯಮವಾಯಿತು. ಹಳೇ ಪದ್ಧತಿಯ ತಪ್ಪಿಗಿಂತ ಇದು ಎಷ್ಟೋ ವಾಸಿ. ಬೇರೆಯವರ ಹೆಸರು ಸಾಲಿನ ನಡುವೆ ಸರಿಯಾಗಿರುವಂತೆಯೇ ಕಾಣುತ್ತದೆ. ಖಾಲಿ ಬಿಟ್ಟದ್ದು ಮಾತ್ರ ದೂರದಿಂದಲೇ ಗೊತ್ತಾಗುತ್ತದೆ.

ಆಮೇಲೆ ಎರಡು ಪಾರ್ಟಿಗಳು ಬಂದವು. ಇಡೀ ಪ್ರಕರಣದಲ್ಲಿ ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದರಲ್ಲಿ ಎರಡು ತಿಂಗಳ ನೋಟಿಸ್ ಅಂತ ಎರಡೂ ಕಡೆ ಒಪ್ಪಿದ್ದರು. ನೀಲಿ ಗುರುತು ಹಾಕಿದ್ದರೂ, ಮೇಲಿನ ಕಲಮಿನಲ್ಲಿ ‘ಒಂದು ತಿಂಗಳ ಮುಂಚೆ ತಿಳಿಸತಕ್ಕದ್ದು’ ಅನ್ನುವ ಹಳೇ ಮಾತು ಬೀಗದೊಳಗೆ ಉಳಿದಿತ್ತು. ಹುಡುಗ ಸುಮ್ನೆ ವಿಶೇಷ ಷರತ್ತುಗಳಲ್ಲಿ ‘ಎರಡು ತಿಂಗಳು’ ಅಂತ ಬರೆದ. ಒಂದೇ ಕರಾರಿನಲ್ಲಿ ಎರಡು ಮಾತು. ಕರಡು ಓದಿದ ಮಾಲೀಕರೇ ಹಿಡಿದರು. ಯಜಮಾನರು ಕೂತು ಯೋಚಿಸಿ, ನೋಟಿಸ್ ಅವಧಿಯನ್ನು ಬೀಗದಿಂದ ತೆಗೆದು ‘ಒಂದು, ಎರಡು, ಮೂರು’ ಅನ್ನುವ ಡ್ರಾಪ್‌ಡೌನ್ ಮಾಡಿಸಿದರು. ಅದು ಪಾರ್ಟಿಗಳ ಇಷ್ಟಕ್ಕೆ ಬಿಟ್ಟ ವಿಷಯ, ತಾವು ಹಿಡಿದುಕೊಳ್ಳುವಂಥದ್ದಲ್ಲ ಅಂದರು.

ಎರಡನೆಯದು ಅಂಗಡಿ ಮಳಿಗೆ. ಅವಧಿ ಮೂರು ವರ್ಷ. ಹುಡುಗ ಅದೇ ಟೆಂಪ್ಲೇಟ್ ತೆರೆದ. ‘ಹನ್ನೊಂದು ತಿಂಗಳು’ ಬದಲಾಗಲಿಲ್ಲ. ವಿಶೇಷ ಷರತ್ತುಗಳಲ್ಲಿ ಬರೆಯೋಣ ಅಂತ ಹೊರಟವನು, ಹಿಂದಿನದು ನೆನಪಾಗಿ ಎದ್ದು ಹೋಗಿ ಯಜಮಾನರನ್ನು ಕೇಳಿದ. ಅವರು ಪಾರ್ಟಿಯನ್ನು ಕೂರಿಸಿಕೊಂಡು ವಿವರಿಸಿದರು. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ನೋಂದಣಿ ಆಗಲೇಬೇಕು. ಇ-ಸ್ಟ್ಯಾಂಪ್ ಮೇಲೆ ಬರೆದು ಸಹಿ ಹಾಕಿದರೆ ಸಾಲದು. ಆ ಪತ್ರವನ್ನು ಬೇರೆಯೇ ಬರೆದು ನೋಂದಣಿಗೆ ಕಳಿಸಿದರು.

ಎರಡೂ ಅವಧಿಯ ವಿಷಯವೇ. ಎರಡೂ ಕಡೆ ಬೀಗ ಅಡ್ಡ ಬಂತು. ಒಂದು ಕಡೆ ಬೀಗ ತಪ್ಪು ಜಾಗದಲ್ಲಿತ್ತು, ಇನ್ನೊಂದು ಕಡೆ ಬೀಗ ಇದ್ದದ್ದರಿಂದಲೇ ಹುಡುಗ ನಿಂತು ಕೇಳಿದ. ಟೈಪಿಸ್ಟ್ ಒಬ್ಬರೇ ತೀರ್ಮಾನಿಸಬಾರದ ವಿಷಯ ಯಾವುದೋ ಅಲ್ಲಿಗೆ ಮಾತ್ರ ಬೀಗ ಬೇಕು. ಪಾರ್ಟಿ ತೀರ್ಮಾನಿಸುವುದಕ್ಕೆಲ್ಲ ಜಾಗ ಬೇಕು. ಮೊದಲ ದಿನವೇ ಇವೆರಡನ್ನೂ ಸರಿಯಾಗಿ ಬೇರ್ಪಡಿಸಲು ಯಾರಿಗೂ ಆಗುವುದಿಲ್ಲ, ಬಳಸುತ್ತಾ ಹೋದಂತೆ ಗೊತ್ತಾಗುತ್ತದೆ. ಹಾಗಾಗಿ ಅಕ್ಕ ಈಗ ತಿಂಗಳಿಗೊಮ್ಮೆ ‘ವಿಶೇಷ ಷರತ್ತುಗಳು’ ಭಾಗಗಳನ್ನು ಓದುತ್ತಾರೆ. ಒಂದೇ ಷರತ್ತು ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಮೇಲೆ ಸ್ವಂತ ಜಾಗ ಮಾಡಿಕೊಡುತ್ತಾರೆ. ಪೇಂಟಿಂಗ್ ಕಲಂ ಹಾಗೆಯೇ ಮೇಲೆ ಹೋಯಿತು. ಮೂಲ ಟೆಂಪ್ಲೇಟ್ ತಿದ್ದುವ ಅಧಿಕಾರ ಯಜಮಾನರಿಗೆ ಮತ್ತು ಅಕ್ಕನಿಗೆ, ಇಬ್ಬರಿಗೇ. ತಿದ್ದಿದ ದಿನಾಂಕ ಫೈಲಿನ ಹೆಸರಲ್ಲೇ ಇರುತ್ತದೆ, ಹಳೆಯದು ಬೇರೆ ಫೋಲ್ಡರಿಗೆ ಹೋಗುತ್ತದೆ.

ಅಫಿಡವಿಟ್‌ಗೂ ಇದೇ ರೀತಿ ಟೆಂಪ್ಲೇಟ್ ಆಗಿದೆ. ಕ್ರಯಪತ್ರಕ್ಕೆ ಮಾತ್ರ ಯಜಮಾನರು ಒಪ್ಪಲಿಲ್ಲ, ನನಗೂ ಅದು ಸರಿ ಅನ್ನಿಸಿತು. ಸ್ವತ್ತು ಯಾರಿಂದ ಯಾರಿಗೆ ಹೇಗೆ ಬಂತು ಅನ್ನುವ ಕಥೆ ಪ್ರತಿ ಪತ್ರದಲ್ಲೂ ಬೇರೆ. ಅದನ್ನು ಖಾಲಿ ಜಾಗ ತುಂಬುವ ಕೆಲಸ ಮಾಡಿದರೆ ಹಿಂದಿನ ಹಕ್ಕುಪತ್ರ ಓದುವ ಅಭ್ಯಾಸವೇ ತಪ್ಪಿಹೋಗುತ್ತದೆ ಅನ್ನುವುದು ಅವರ ಭಯ. ಅಲ್ಲಿ ಷೆಡ್ಯೂಲಿನ (ಸ್ವತ್ತಿನ ವಿವರದ) ಭಾಗವನ್ನಷ್ಟೇ ಕ್ವಿಕ್ ಪಾರ್ಟ್ ಆಗಿ ಉಳಿಸಿಕೊಂಡಿದ್ದಾರೆ. ‘ಚೆಕ್ಕುಬಂದಿ’ ಅಂತ ಟೈಪ್ ಮಾಡಿ ಎಫ್3 ಒತ್ತಿದರೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣದ ನಾಲ್ಕು ಸಾಲು ಕೆಂಪು ಸೂಚನೆಗಳ ಜೊತೆ ಬಂದು ಕೂರುತ್ತವೆ. ಉಳಿದದ್ದನ್ನು ಯಜಮಾನರೇ ಹೇಳಿ ಬರೆಸುತ್ತಾರೆ.